ಕಚ್ಚಿದ ನಾಯಿಗೆ ಬೇರೆ ಮನೆ ಹುಡುಕುತ್ತಿದ್ದೀರಾ? ಕಚ್ಚಿದ್ದನ್ನೇ ಮೊದಲು ಹೇಳಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಎಂಟು ತಿಂಗಳ ಹಿಂದೆ ಶೆಲ್ಟರ್‌ನಿಂದ ತಂದ ಹೆಣ್ಣು ನಾಯಿ. ಇನ್ನೂ ಮಂಚದ ಕೆಳಗಿಂದ ಹೊರಗೆ ಬರಲು ಹೆದರುತ್ತದೆ. ಇಬ್ಬರಿಗೆ ಕಚ್ಚಿದೆ: ಮೊದಲು ಗ್ಯಾಸ್ ಸಿಲಿಂಡರ್ ತಂದವರಿಗೆ, ಹೋದ ತಿಂಗಳು ನಿಮ್ಮ ಅತ್ತೆಗೆ. ಇನ್ನು ನಾಲ್ಕು ತಿಂಗಳಲ್ಲಿ ಮನೆಗೆ ಮಗು ಬರುತ್ತದೆ. ಬೀದರ್‌ನಲ್ಲಿ ಇಂಥ ನಾಯಿಯನ್ನು ಯಾರು ತಗೊಳ್ತಾರೆ, ಕಚ್ಚಿದ ವಿಷಯ ಹೇಳಿದರೆ ಯಾರೂ ಬರಲ್ಲ ಅಲ್ವಾ ಅಂತ ಕೇಳಿದ್ದೀರಿ.

ಖರೇ, ಹೆಚ್ಚಿನವರು ಬರಲ್ಲ. ಅವರು ಬರದೇ ಇರುವುದೇ ಒಳ್ಳೆಯದು. ಇದು ನನಗೆ ತಿಳಿದದ್ದು ಒಬ್ಬ ಹುಡುಗನ ಕೈಗೆ ಗಾಯವಾದ ಮೇಲೆ. ಆ ಕಥೆ ಹೇಳುತ್ತೇನೆ.

ಅದಕ್ಕೂ ಮೊದಲು, ನಿಮ್ಮ ಅತ್ತೆಯವರು ರೇಬೀಸ್ ಇಂಜೆಕ್ಷನ್ ತಗೊಂಡ್ರಾ? ಪ್ರಶ್ನೆಯಲ್ಲಿ ಬರೆದಿಲ್ಲ. "ಮನೆ ನಾಯಿ, ಲಸಿಕೆ ಆಗಿದೆ" ಅಂತ ನಮ್ಮ ಕಡೆ ಭಾಳ ಜನ ಸುಮ್ನೆ ಬಿಡುತ್ತಾರೆ. ಸುಣ್ಣ, ಅರಿಶಿನ, ಖಾರದ ಪುಡಿ ಹಚ್ಚುವವರೂ ಇದ್ದಾರೆ. ಅದು ಯಾವುದೂ ಬೇಡ. ಚರ್ಮ ತರಚಿದ್ದರೂ ಸಾಕು, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು. ತೋಳಿನ ಸ್ನಾಯುವಿಗೆ ಕೊಡುವ ಪದ್ಧತಿಯಲ್ಲಿ 0, 3, 7, 14, 28ನೇ ದಿನ ಲಸಿಕೆ; 0 ಅಂದರೆ ಮೊದಲ ಇಂಜೆಕ್ಷನ್ ತಗೊಂಡ ದಿನ. ಹಲ್ಲು ಇಳಿದು ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್, ಅಂದರೆ ರೇಬೀಸ್ ತಡೆಯುವ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್ ಕೂಡ ಬೇಕು. ತಗೊಂಡಿಲ್ಲ ಅಂದ್ರೆ ಇವತ್ತೇ ಡಾಕ್ಟರನ್ನು ಕೇಳಿ. ಇನ್ನೊಂದು, ಕಚ್ಚಿದ ನಾಯಿಯನ್ನು 10 ದಿನ ಕಣ್ಣಿಟ್ಟು ನೋಡಬೇಕು. ಅಷ್ಟು ದಿನ ಅದು ಆರೋಗ್ಯವಾಗಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲ ಅಂತ ಅರ್ಥ. ಮುಂದೆ ಯಾವತ್ತಾದರೂ ಮತ್ತೆ ಕಚ್ಚಿದರೆ ಆ 10 ದಿನದೊಳಗೆ ನಾಯಿಯನ್ನು ಯಾರ ಕೈಗೂ ಕೊಡಬೇಡಿ.

ಈಗ ನನ್ನ ಕಥೆ. ನಮ್ಮದು ಕಲಬುರಗಿ, ಜೇವರ್ಗಿ ರೋಡ್ ಕಡೆ ಮನೆ. ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು, ಅಮ್ಮ, ನಾವು. ಗೇಟಿಗೆ ಚಿಲಕ ಹಾಕಿದ್ದು ನೆನಪಿಲ್ಲ. ಬೇರೆ ಊರಿನ ಒಂದು ಶೆಲ್ಟರ್‌ನಿಂದ ಬೆಲ್ಲಿಯನ್ನು ತಂದೆವು. ಬೆಲ್ಲದ ಬಣ್ಣ, ಅದಕ್ಕೇ ಬೆಲ್ಲಿ. "ಸ್ವಲ್ಪ ನಾಚಿಕೆ ಸ್ವಭಾವ" ಅಂತ ಶೆಲ್ಟರ್‌ನವರು ಹೇಳಿದ್ದರು. ಆ ನಾಚಿಕೆ ಒಂದು ವರ್ಷದಲ್ಲಿ ಮೂವರಿಗೆ ಕಚ್ಚಿತು. ಮೂರನೆಯದು ಅಣ್ಣನ ಮಗಳಿಗೆ. ತಲೆ ಸವರಲು ಹೋಗಿದ್ದಳು ಅಷ್ಟೇ.

ಶಹಾಬಾದ್‌ನ ಒಂದು ಕುಟುಂಬ ತಗೊಳ್ತೀವಿ ಅಂದಿತು. ಒಳ್ಳೆಯ ಜನ. 12 ವರ್ಷದ ಮಗನಿಗೆ ನಾಯಿ ಅಂದ್ರೆ ಪ್ರಾಣ. ಅವರಿಗೆ ನಾನು ಏನು ಹೇಳಿದೆ ಗೊತ್ತಾ? "ಸ್ವಲ್ಪ ಹೆದರಿಕೆ ಇದೆ, ಹೊಂದಿಕೊಳ್ಳುತ್ತದೆ." ಶೆಲ್ಟರ್‌ನವರ ನಾಚಿಕೆ ನನ್ನ ಬಾಯಲ್ಲಿ ಹೆದರಿಕೆ ಆಯಿತು. ಅವರ ಮೇಲೆ ಒಂದು ವರ್ಷ ಸಿಟ್ಟು ಇಟ್ಟುಕೊಂಡವನು ನಾನೂ ಅದನ್ನೇ ಮಾಡಿದೆ. ನಾಲ್ಕನೇ ದಿನ ಆ ಹುಡುಗ ಮಂಚದ ಕೆಳಗೆ ಕೈ ಹಾಕಿ ಬೆಲ್ಲಿಯನ್ನು ಎಳೆಯಲು ಹೋದ. ಅಂಗೈಯಲ್ಲಿ ಎರಡು ತೂತು. ಅವನ ಅಪ್ಪ ಫೋನಿನಲ್ಲಿ ಬೈಯಲೂ ಇಲ್ಲ. "ನೀವು ಒಂದು ಮಾತು ಹೇಳಿದ್ದರೆ ಮಗನಿಗೆ ಹೇಳಿಟ್ಟಿರುತ್ತಿದ್ದೆವಲ್ಲ ಸರ್" ಅಂದರು. ಆಸ್ಪತ್ರೆ ಖರ್ಚು ಕೊಟ್ಟು ನಾಯಿಯನ್ನು ವಾಪಸ್ ತಂದೆ. ಆ ಮನೆಯ ಮೆಟ್ಟಿಲು ಇಳಿದದ್ದು ಇವತ್ತಿಗೂ ನೆನಪಾಗುತ್ತದೆ.

ವಾಪಸ್ ಬಂದ ಮೇಲೆ ಸಲಹೆಗಳ ಮಳೆ. ಎಲ್ಲರದ್ದೂ ಒಂದೇ ಮಾತು: "ಹೊಲಕ್ಕೆ ಬಿಡ್ರಿ, ಆರಾಮ ಇರತೈತಿ." ನಿಮಗೂ ಹೇಳಿರುತ್ತಾರೆ. ಹೆದರುವ ನಾಯಿಗೆ ಹೊಲದಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ ಅಂತ ನನಗೆ ಅನಿಸುತ್ತದೆ. ಅಲ್ಲಿ ಅದನ್ನು ಬೇವಿನ ಮರಕ್ಕೆ ಸರಪಳಿ ಹಾಕಿ ಕಟ್ಟುತ್ತಾರೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ಶುರುವಾದರೆ ಹೊಸ ಕೂಲಿಯವರು, ಮಷಿನ್ ಸದ್ದು, ಟ್ರ್ಯಾಕ್ಟರ್. ಓಡಿ ಹೋಗಲು ದಾರಿ ಇಲ್ಲದ ನಾಯಿಗೆ ಉಳಿಯುವುದು ಹಲ್ಲು ಮಾತ್ರ. ಅಲ್ಲಿ ಕಚ್ಚಿಸಿಕೊಳ್ಳುವವರು ಕೂಲಿ ಹೆಣ್ಣುಮಕ್ಕಳು. ಆಸ್ಪತ್ರೆ ದೂರ, ಒಂದು ದಿನದ ಕೂಲಿ ಹೋಗುತ್ತದೆ ಅಂತ ಇಂಜೆಕ್ಷನ್‌ಗೂ ಹೋಗಲ್ಲ.

ನಮ್ಮ ಮಾವ ಇನ್ನೂ ಮುಂದೆ ಹೋಗಿ, ನಸುಕಿನಲ್ಲಿ ರಿಂಗ್ ರೋಡಿನಲ್ಲಿ ಬಿಟ್ಟು ಬಾ ಅಂದರು. ಸಾಕಿದ ಪ್ರಾಣಿಯನ್ನು ಹಾಗೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ ಅಂತ ನಾನು ಹೇಳಿದೆ. ಅವರು ನಕ್ಕರು. ಆದರೆ ನಮ್ಮ ಅಮ್ಮ ಯಾದಗಿರಿ ಕಡೆಯವರು, ಮೈಲಾಪುರದ ಮೈಲಾರಲಿಂಗನ ಒಕ್ಕಲು. ಮಲ್ಲಯ್ಯ ಅಂದರೂ ಅವನೇ, ನಾಯಿ ಅಂದರೆ ಅವನದ್ದು ಅನ್ನುವ ನಂಬಿಕೆ. "ಮಲ್ಲಯ್ಯನ ನಾಯಿನ ದಾರಿಗೆ ಬಿಡ್ತೀಯೇನೋ" ಅಂತ ಒಂದೇ ಮಾತು ಅಂದರು. ಮಾವ ಮತ್ತೆ ಆ ಸುದ್ದಿ ಎತ್ತಲಿಲ್ಲ.

ಆಮೇಲೆ ಮಾಡಿದ್ದನ್ನು ಮೊದಲೇ ಮಾಡಬೇಕಿತ್ತು. ಬೆಲ್ಲಿಯನ್ನು ಬೀದರ್‌ಗೆ, ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆತಂದೆ. ನಮಗೆ ನೂರು ಕಿಲೋಮೀಟರ್‌ಗೂ ಜಾಸ್ತಿ. ನಿಮಗೆ ಊರಲ್ಲೇ ಇದೆ, ಪುಣ್ಯವಂತರು. ಪರೀಕ್ಷೆ ಮಾಡಿದರೆ ಎರಡೂ ಕಿವಿಯ ಒಳಗೆ ಹಳೆಯ ಸೋಂಕು. ತಲೆ ಸವರಿದರೆ ಯಾಕೆ ಕಚ್ಚುತ್ತಿತ್ತು ಅಂತ ಆಗ ತಿಳಿಯಿತು. ಕಿವಿ, ಹಲ್ಲು, ಕೀಲು ನೋವಿದ್ದರೆ ಎಂಥ ಸಾಧು ನಾಯಿಯೂ ಕಚ್ಚಬಹುದು. ಕಿವಿ ವಾಸಿಯಾದ ಮೇಲೆ ಹೆದರಿಕೆ ಪೂರ್ತಿ ಹೋಗಲಿಲ್ಲ, ಸಿಟ್ಟು ಅರ್ಧಕ್ಕೆ ಇಳಿಯಿತು. ಹೆದರಿಕೆ ಭಾಳ ಇದ್ದರೆ ಫ್ಲೂಆಕ್ಸೆಟಿನ್‌ನಂಥ ಮಾತ್ರೆ ಕೊಡುತ್ತಾರೆ. ಅದರ ಗುಣ ಕಾಣಲು 4ರಿಂದ 6 ವಾರ ಬೇಕು. ಪಶುವೈದ್ಯರು ಬರೆದುಕೊಡಬೇಕು, ನಾವೇ ಅಂಗಡಿಯಿಂದ ತಂದು ಹಾಕುವುದಲ್ಲ.

ನಾಯಿ ಗುರ್ ಅಂದಾಗ ಹೊಡೆಯುತ್ತಿದ್ದೀರಾ? ನಾವು ಹೊಡೆಯುತ್ತಿದ್ದೆವು. ಅದು ದೊಡ್ಡ ತಪ್ಪು. ಗುರ್ ಅನ್ನುವುದು "ದೂರ ಹೋಗು" ಅನ್ನುವ ಮಾತು. ಅದನ್ನು ಹೊಡೆದು ನಿಲ್ಲಿಸಿದರೆ ನಾಯಿ ಮಾತು ಬಿಟ್ಟು ನೇರವಾಗಿ ಕಚ್ಚುತ್ತದೆ. ಗುರ್ ಅನ್ನುವುದಕ್ಕೂ ಮೊದಲು ಅದು ಎಷ್ಟೋ ಹೇಳಿರುತ್ತದೆ. ಮೈ ಬಿಗಿ ಹಿಡಿಯುತ್ತದೆ, ತುಟಿ ನೆಕ್ಕುತ್ತದೆ, ನಿದ್ದೆ ಇಲ್ಲದೆ ಆಕಳಿಸುತ್ತದೆ, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ತೋರಿಸುತ್ತದೆ.

ಇನ್ನು ಕಚ್ಚಿದ್ದನ್ನು ಹೇಳುವ ಬಗೆ. ಸುಮ್ನೆ "ಕಚ್ಚುತ್ತದೆ" ಅಂದರೆ ಕೇಳುವವರ ಕಣ್ಣ ಮುಂದೆ ಹುಲಿ ಬರುತ್ತದೆ. ಇಯಾನ್ ಡನ್‌ಬಾರ್ ಅನ್ನುವ ಪಶುವೈದ್ಯರು ಕಚ್ಚುವುದನ್ನು 6 ಹಂತ ಮಾಡಿದ್ದಾರೆ. ಬಾಯಿ ಹಾಕಿದರೂ ಹಲ್ಲು ತಾಗದಿದ್ದರೆ 1. ಹಲ್ಲು ತಾಗಿಯೂ ಚರ್ಮದಲ್ಲಿ ತೂತು ಬೀಳದಿದ್ದರೆ 2. ಒಂದೇ ಸಲ ಕಚ್ಚಿ ಒಂದರಿಂದ ನಾಲ್ಕು ತೂತು, ಕೋರೆಹಲ್ಲಿನ ಅರ್ಧಕ್ಕಿಂತ ಆಳ ಇಲ್ಲದಿದ್ದರೆ 3. ಅದಕ್ಕಿಂತ ಆಳ ಹೋದರೆ 4. ಅಲ್ಲಿಂದ ಮುಂದೆ ನಾನು ನೀವು ಮನೆ ಹುಡುಕುವ ಮಾತೇ ಇಲ್ಲ. ಬೆಲ್ಲಿಯ ನಾಲ್ಕು ಸಲವನ್ನೂ ಒಂದು ಹಾಳೆಯಲ್ಲಿ ಬರೆದೆ. ಯಾರಿಗೆ, ಎಲ್ಲಿ, ಅವರು ಏನು ಮಾಡುತ್ತಿದ್ದರು, ಗಾಯ ಎಷ್ಟು ಆಳ. ಎರಡು ಸಲ 2, ಎರಡು ಸಲ 3. ನಾಲ್ಕರಲ್ಲೂ ಒಬ್ಬರು ಅದರ ಮೇಲೆ ಬಗ್ಗಿದ್ದರು, ಅದಕ್ಕೆ ಹಿಂದೆ ಸರಿಯಲು ಜಾಗ ಇರಲಿಲ್ಲ. ಬರೆಯುವ ತನಕ ಇದು ನನಗೇ ಹೊಳೆದಿರಲಿಲ್ಲ.

ಆ ಹಾಳೆಯನ್ನು ಫೋಟೋಗಿಂತ ಮೊದಲು ಕಳಿಸುತ್ತಿದ್ದೆ. ಐದು ತಿಂಗಳಲ್ಲಿ ಹನ್ನೊಂದು ಜನ ಕೇಳಿದರು, ಎಂಟು ಜನ ಹಾಳೆ ಓದಿ ಸುಮ್ಮನಾದರು. ಒಬ್ಬರಿಗೆ ಅಂಗಡಿ ಕಾಯಲು "ಕಚ್ಚುವ ನಾಯಿಯೇ" ಬೇಕಿತ್ತು. ಅಂಥವರಿಗೆ ಕೊಡಲೇಬೇಡಿ. ಇನ್ನೊಬ್ಬರು ತಾವು ದೊಡ್ಡ ನಾಯಿಪ್ರೇಮಿ, ಪ್ರೀತಿಯಿಂದ ಸರಿ ಮಾಡುತ್ತೇನೆ ಅಂದರು. ನನಗೆ ಇವರೇ ಜಾಸ್ತಿ ಹೆದರಿಕೆ. ನಾಯಿಪ್ರೇಮಿಗೆ ಮುಟ್ಟದೇ ಇರಲು ಆಗಲ್ಲ.

ಕೊನೆಯವರು ಸೇಡಂ ರೋಡ್ ಕಡೆಯ ನಿವೃತ್ತ ದಂಪತಿ. ಮನೆಯಲ್ಲಿ ಮಕ್ಕಳಿಲ್ಲ, ಬಂದು ಹೋಗುವವರು ಕಡಿಮೆ, ಗೇಟು ದಾಟಿದರೆ ಒಳಗೆ ಇನ್ನೊಂದು ಜಾಲರಿ ಬಾಗಿಲು. ಹಾಳೆ ಓದಿ ಅವರು ಕೇಳಿದ್ದು ಒಂದೇ: "ನಾವು ಮುಟ್ಟದೇ ಇದ್ದರೆ ಅದಕ್ಕೆ ಬೇಜಾರಾಗುತ್ತಾ?" ನಾನು ಅಲ್ಲೇ ತೀರ್ಮಾನ ಮಾಡಿದೆ.

ಆದರೂ ಅವತ್ತೇ ಕೊಡಲಿಲ್ಲ. ಐದು ವಾರ, ಏಳು ಭೇಟಿ. ಮೊದಲ ಭೇಟಿಗಳು ಮನೆಯಲ್ಲಲ್ಲ, ಖಾಲಿ ಲೇಔಟ್ ರಸ್ತೆಯಲ್ಲಿ. ದೂರ ಬಿಟ್ಟು ಒಂದೇ ದಿಕ್ಕಿಗೆ ಸುಮ್ನೆ ನಡೆಯುವುದು. ಅದರ ಕಣ್ಣಲ್ಲಿ ಕಣ್ಣಿಡದೆ ಬೇಯಿಸಿದ ಕೋಳಿ ಚೂರು ನೆಲಕ್ಕೆ ಹಾಕುವುದು. ಪ್ರತಿ ಸಲ ಬಾಯಿಗೆ ಮಜಲ್. ಎಡೆ ಹೊಡೆಯುವಾಗ ಎತ್ತಿನ ಬಾಯಿಗೆ ಕುಕ್ಕೆ ಕಟ್ಟುತ್ತಾರಲ್ಲ, ಅಂಥ ಬುಟ್ಟಿ ಮಾದರಿಯದ್ದೇ ತಗೊಳ್ಳಿ. ಬಾಯಿ ಬಿಗಿಯುವ ಬಟ್ಟೆ ಪಟ್ಟಿ ಬೇಡ. ನಾಯಿ ಮೈ ತಂಪು ಮಾಡಿಕೊಳ್ಳುವುದೇ ಬಾಯಿ ತೆರೆದು ತೇಕಿ. ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ಬಾಯಿ ಕಟ್ಟಿದರೆ ಜೀವಕ್ಕೇ ಕುತ್ತು. ಬುಟ್ಟಿಯಲ್ಲಿ ತೇಕಬಹುದು, ನೀರೂ ಕುಡಿಯಬಹುದು. ಒಂದೇ ದಿನ ಹಾಕಬೇಡಿ. ಬುಟ್ಟಿಯೊಳಗೆ ಮೊಸರು ಸವರಿ ಅದೇ ಮೂತಿ ತೂರಿಸುವಂತೆ ಮಾಡಿ. ನಮಗೆ ಮೂರು ವಾರ ಹಿಡಿಯಿತು.

ಕೊಡುವಾಗ ಆ ಹಾಳೆಯ ಎರಡು ಪ್ರತಿಗೆ ಇಬ್ಬರೂ ಸಹಿ ಹಾಕಿದೆವು. ಲಸಿಕೆ, ಸಂತಾನಹರಣ ಆಪರೇಷನ್ ಚೀಟಿ ಜೊತೆಗೆ. ಯಾವಾಗ ಬೇಡ ಅಂದರೂ ಕಾರಣ ಕೇಳದೆ ವಾಪಸ್ ತಗೊಳ್ತೀನಿ ಅಂತಲೂ ಬರೆದೆ. ನಾಯಿ ಇಟ್ಟುಕೊಂಡವರು ಅಜಾಗರೂಕತೆ ಮಾಡಿ ಜನರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್‌ನಲ್ಲಿ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಇದನ್ನೂ ಅವರಿಗೆ ಹೇಳಿದೆ. ಇಷ್ಟೆಲ್ಲ ಕೇಳಿಯೂ ಕೈ ಚಾಚುವವರು ಬೇಕು.

ಈಗ ಕಷ್ಟದ ಮಾತು. ಹಲ್ಲು ಆಳಕ್ಕೆ ಇಳಿದಿದ್ದರೆ, ಅಥವಾ ಯಾವ ಸೂಚನೆಯೂ ಇಲ್ಲದೆ ಹಾರಿದ್ದರೆ, ಇಂಥ ಮನೆ ಸಿಗದೇ ಹೋಗಬಹುದು. ಆಗ ಪಶುವೈದ್ಯರು ನೋವಿಲ್ಲದೆ ಶಾಶ್ವತವಾಗಿ ಮಲಗಿಸುವ ಮಾತು ಎತ್ತಿದರೆ ಅವರ ಮೇಲೆ ಹರಿಹಾಯಬೇಡಿ. ಗೊತ್ತಿದ್ದೂ ಇನ್ನೊಬ್ಬರ ಮಗುವಿನ ಪಕ್ಕ ಕಟ್ಟಿ ಬರುವುದಕ್ಕಿಂತ ಅದು ಮೇಲು ಅಂತ ನನ್ನ ಅಭಿಪ್ರಾಯ. ನೀವು ಬರೆದಷ್ಟರಲ್ಲಿ ನಿಮ್ಮದು ಆ ಹಂತ ಅಂತ ಅನಿಸುವುದಿಲ್ಲ. ಗಾಯ ನೋಡಿದವರು ನೀವು, ಹಾಳೆ ಬರೆಯಿರಿ, ಗೊತ್ತಾಗುತ್ತದೆ.

ನಾಲ್ಕು ತಿಂಗಳು ಭಾಳ ಕಡಿಮೆ, ಈ ವಾರವೇ ಶುರು ಮಾಡಿ. ಅಷ್ಟರೊಳಗೆ ಮನೆ ಸಿಗದಿದ್ದರೆ ನಾಯಿಗೆ ಬೇರೆ ಕೋಣೆ, ನಡುವೆ ಮುಚ್ಚುವ ಬಾಗಿಲು. ಮಗು ಮತ್ತು ನಾಯಿ ಒಟ್ಟಿಗೆ ಬೆಳೆದರೆ ಹೊಂದಿಕೊಳ್ಳುತ್ತವೆ ಅನ್ನುವವರ ಮಾತು ಕೇಳಬೇಡಿ.

ಕೊಟ್ಟ ಮೇಲೆ ಒಂದೆರಡು ತಿಂಗಳು ನೋಡಲು ಹೋಗಬೇಡಿ, ಎಷ್ಟೇ ಮನಸ್ಸಾದರೂ. ಅದು ಮಲಗುತ್ತಿದ್ದ ಚಾದರವನ್ನು ತೊಳೆಯದೆ ಜೊತೆಗೆ ಕಳಿಸಿ, ಆ ವಾಸನೆ ಸಾಕು. ನಾನು ನಾಲ್ಕನೇ ತಿಂಗಳು ಹೋದೆ. ಬೆಲ್ಲಿ ಜಾಲರಿ ಬಾಗಿಲ ಹಿಂದೆ ನಿಂತು ನನಗೇ ಬೊಗಳಿತು. ಒಳಗಿಂದ ಅವರು "ಬರ್ರಿ, ಮಜಲ್ ಹಾಕ್ತೀನಿ" ಅಂದರು. ಬೇಡ ಅಂತ ಗೇಟಿನಲ್ಲೇ ನಿಂತು ಚಹಾ ಕುಡಿದು ಬಂದೆ.