ಚಿಕ್ಕಪ್ಪನ ಹಳೇ ಕ್ಯಾಮೆರಾದಲ್ಲಿ ಮಹಾವ್ಯಾಧ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಚಿಕ್ಕಪ್ಪ 2006ರಲ್ಲಿ ತಂದಿದ್ದ ಕ್ಯಾನನ್ ಇಒಎಸ್ 350ಡಿ ಕ್ಯಾಮೆರಾ ಇಷ್ಟು ವರ್ಷ ಬೀರುವಿನಲ್ಲಿತ್ತು. ಹೊಸ ಬ್ಯಾಟರಿ ಹಾಕಿದೆ, ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಜೊತೆಗೆ 18–55 ಲೆನ್ಸು, 50 ಎಂಎಂ ಲೆನ್ಸು, ಒಂದು ಟ್ರೈಪಾಡ್ ಇವೆ. ಲ್ಯಾಪ್‌ಟಾಪಿಗೆ ಜೋಡಿಸಿ, ಅಲ್ಲಿಂದಲೇ ಶಟರ್ ಒತ್ತಿ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಫೋಟೊ ತೆಗೆಯಬೇಕು ಅಂತ ಆಸೆ. ಆದರೆ ವಿಂಡೋಸ್ 11 ಇದನ್ನು ಗುರುತೇ ಹಿಡಿಯುತ್ತಿಲ್ಲ. ಮನೆಯಲ್ಲಿದ್ದ ಒಂದು ಕೇಬಲ್ ಹಾಕಿದರೆ ಏನೂ ಆಗುವುದಿಲ್ಲ, ಇನ್ನೊಂದು ಹಾಕಿದರೆ ‘ಅನ್‌ನೋನ್ ಡಿವೈಸ್’ ಅಂತ ಬರುತ್ತದೆ. ಅಂಗಡಿಯಲ್ಲಿ ಕೇಳಿದರೆ ಈಗ ಇದೆಲ್ಲ ನಡೆಯಲ್ಲ, ಹೊಸದು ತಗೊಳ್ಳಿ ಅಂದರು. ಏನಾದರೂ ದಾರಿ ಇದೆಯಾ?
– ಪದವಿ ವಿದ್ಯಾರ್ಥಿನಿ, ಶಿರಸಿ ತಾಲ್ಲೂಕು

ಉತ್ತರ: ದಾರಿ ಇದೆ. ಹೊಸದು ತಗೊಳ್ಳಬೇಡಿ. ಆ ಕ್ಯಾಮೆರಾ ಬಂದ ಕಾಲದಲ್ಲಿ ಅದರಿಂದಲೇ ಎಷ್ಟೋ ಜನ ಆಕಾಶದ ಫೋಟೊ ತೆಗೆಯಲು ಕಲಿತರು, ಮತ್ತು ಆಕಾಶ ಅಂದಿನಿಂದ ಬದಲಾಗಿಲ್ಲ ಅಲ್ವಾ?

ಮೊದಲು ಕೇಬಲ್. ನಿಮ್ಮ ಕ್ಯಾಮೆರಾದಲ್ಲಿ ಇರುವುದು ಮಿನಿ ಯುಎಸ್‌ಬಿ, ಫೋನುಗಳಲ್ಲಿ ಬರುತ್ತಿದ್ದ ಮೈಕ್ರೋ ಯುಎಸ್‌ಬಿಗಿಂತ ಸ್ವಲ್ಪ ದಪ್ಪ. ಏನೂ ಆಗದ ಆ ಮೊದಲನೇ ಕೇಬಲ್ ಬಹುಶಃ ಬರೀ ಚಾರ್ಜ್ ಮಾಡುವಂಥದ್ದು, ಅದರೊಳಗೆ ಡೇಟಾ ಹೋಗುವ ಎರಡು ಎಳೆಗಳೇ ಇರುವುದಿಲ್ಲ. ಹಳೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನ ಮಿನಿ ಕೇಬಲ್ ಸಿಕ್ಕರೆ ಅದನ್ನೇ ಬಳಸಿ. ನಾನು ಹಿಂದೊಮ್ಮೆ ಹೀಗೇ ಒಂದು ಕೇಬಲ್ ನಂಬಿ ಅಮಾವಾಸ್ಯೆಯ ಒಂದಿಡೀ ರಾತ್ರಿ ಕಳೆದುಕೊಂಡಿದ್ದೇನೆ, ಅದಕ್ಕೇ ಇದನ್ನು ಮೊದಲು ಹೇಳುತ್ತಿದ್ದೇನೆ.

‘ಅನ್‌ನೋನ್ ಡಿವೈಸ್’ ಅಂತ ಬಂದ ಎರಡನೇ ಕೇಬಲ್ ಸರಿ ಇದೆ ಅನ್ನಿಸುತ್ತದೆ. ಅಲ್ಲಿ ತೊಂದರೆ ಬೇರೆ. 350ಡಿಯ ಮೆನುವಿನಲ್ಲಿ ಕಮ್ಯುನಿಕೇಶನ್ ಅಂತ ಒಂದು ಸಾಲಿದೆ, ಅದರಲ್ಲಿ ಎರಡು ಆಯ್ಕೆ: ಒಂದು ‘ಪಿಸಿ ಕನೆಕ್ಟ್’, ಇನ್ನೊಂದು ‘ಪ್ರಿಂಟ್/ಪಿಟಿಪಿ’ (ಪಿಟಿಪಿ ಅಂದರೆ ಕ್ಯಾಮೆರಾದಿಂದ ಫೋಟೊ ಸಾಗಿಸುವ ಸಾಮಾನ್ಯ ಪದ್ಧತಿ). ‘ಪಿಸಿ ಕನೆಕ್ಟ್’ ಕೆಲಸ ಮಾಡಬೇಕಾದರೆ ಕ್ಯಾನನ್‌ನವರ ಹಳೇ ಡ್ರೈವರ್ ಬೇಕು, ಅದು 32-ಬಿಟ್ ವಿಂಡೋಸ್ ಕಾಲಕ್ಕೇ ನಿಂತುಹೋಯಿತು. ವಿಂಡೋಸ್ 11 ಬರುವುದೇ 64-ಬಿಟ್‌ನಲ್ಲಿ ಮಾತ್ರ. ಹಾಗಾಗಿ ನೀವು ಎಷ್ಟು ಸಲ ಡ್ರೈವರ್ ಹುಡುಕಿ ಹಾಕಿದರೂ ಅದು ಕೂರುವುದಿಲ್ಲ. ‘ಪ್ರಿಂಟ್/ಪಿಟಿಪಿ’ಗೆ ಬದಲಾಯಿಸಿ ಮತ್ತೆ ಚುಚ್ಚಿ ನೋಡಿ, ಲ್ಯಾಪ್‌ಟಾಪು ಕ್ಯಾಮೆರಾ ಅಂತ ಗುರುತು ಹಿಡಿದು ಫೋಟೊಗಳನ್ನು ಇಳಿಸಿಕೊಳ್ಳುತ್ತದೆ. ಜೊತೆಗೆ ಆಟೋ ಪವರ್ ಆಫ್ ತೆಗೆದುಬಿಡಿ, ಇಲ್ಲದಿದ್ದರೆ ಮಧ್ಯದಲ್ಲೇ ಕ್ಯಾಮೆರಾ ಮಲಗಿಬಿಡುತ್ತದೆ.

ಆದರೆ ವಿಂಡೋಸ್‌ನಲ್ಲಿ ಈ ದಾರಿಯಿಂದ ಫೋಟೊ ಇಳಿಯುತ್ತದೆ ಅಷ್ಟೇ. ಲ್ಯಾಪ್‌ಟಾಪಿನಿಂದ ಶಟರ್ ಒತ್ತುವುದಕ್ಕೆ ಆಗುವುದಿಲ್ಲ.

ಇಲ್ಲಿ ಎರಡು ಕೆಲಸಗಳನ್ನು ಬೇರೆ ಬೇರೆ ಮಾಡಿ ನೋಡಬೇಕು. ಫೋಟೊ ಸಾಗಿಸುವುದು ಒಂದು, ಶಟರ್ ಒತ್ತುವುದು ಇನ್ನೊಂದು. ಹೊಸ ಕ್ಯಾಮೆರಾಗಳಲ್ಲಿ ಎರಡೂ ಒಂದೇ ವೈರಿನಲ್ಲಿ ಆಗುವುದರಿಂದ ನಾವು ಅವು ಒಂದೇ ಅಂದುಕೊಳ್ಳುತ್ತೇವೆ. 350ಡಿ ಹೊಸದಾಗಿದ್ದಾಗಲೂ ಹಾಗೆ ಇರಲಿಲ್ಲ. ನಿಮ್ಮದರ ಹಾಗೆ ಡಿಜಿಕ್ 2 ಚಿಪ್ ಇರುವ ಕ್ಯಾನನ್‌ಗಳಲ್ಲಿ ಯುಎಸ್‌ಬಿ ಮೂಲಕ 30 ಸೆಕೆಂಡಿಗಿಂತ ಹೆಚ್ಚು ಹೊತ್ತು ಶಟರ್ ತೆರೆದಿಡಲು ಆಗುತ್ತಲೇ ಇರಲಿಲ್ಲ. 450ಡಿ, 1000ಡಿ ಕಾಲಕ್ಕೆ ಬಂದ ಡಿಜಿಕ್ 3ರಿಂದ ಆ ಸೌಲಭ್ಯ ಸಿಕ್ಕಿತು. ಅದಕ್ಕೆ ಮುಂಚಿನವರೆಲ್ಲ ಶಟರಿಗೆ ಅಂತಲೇ ಇನ್ನೊಂದು ವೈರು ಎಳೆಯುತ್ತಿದ್ದರು. ನೀವೂ ಅದನ್ನೇ ಮಾಡಿ.

ಕ್ಯಾಮೆರಾದ ಎಡ ಪಕ್ಕದ ರಬ್ಬರ್ ಮುಚ್ಚಳ ತೆಗೆದರೆ ಒಂದು ಚಿಕ್ಕ ತೂತಿದೆ, ಇಯರ್‌ಫೋನ್ ಚುಚ್ಚುವ ಹಾಗೆ. ಇಯರ್‌ಫೋನಿನದು 3.5 ಎಂಎಂ, ಇದು 2.5 ಎಂಎಂ. ಕ್ಯಾನನ್‌ನವರು ಇದಕ್ಕೆ ಇ3 ಅನ್ನುತ್ತಾರೆ. ಇದಕ್ಕೆ ಹೊಂದುವ ಇಂಟರ್ವಲೋಮೀಟರ್ ಅಂತ ಒಂದು ಸಾಧನ ಸಿಗುತ್ತದೆ, ಚಿಕ್ಕ ಸ್ಕ್ರೀನ್ ಇರುವ ರಿಮೋಟು. ಎಷ್ಟು ಸೆಕೆಂಡ್, ಎಷ್ಟು ಫೋಟೊ, ನಡುವೆ ಎಷ್ಟು ಬಿಡುವು ಅಂತ ಹೇಳಿಬಿಟ್ಟರೆ ತಾನೇ ಒತ್ತುತ್ತಾ ಇರುತ್ತದೆ. ಕೊಳ್ಳುವಾಗ ಇ3 ಪಿನ್ನು ಅಂತ ಕೇಳಿ ತಗೊಳ್ಳಿ. 20ಡಿ, 5ಡಿ ಥರದ ಕ್ಯಾಮೆರಾಗಳದ್ದು ಬೇರೆ ಪಿನ್ನು, ಅದು ಇದಕ್ಕೆ ಕೂರಲ್ಲ.

ಅಷ್ಟೂ ಬೇಡ ಅಂದರೆ ಇನ್ನೂ ಅಗ್ಗದ ದಾರಿ ಇದೆ. ಒತ್ತಿ ಲಾಕ್ ಮಾಡಬಹುದಾದ ಸಾದಾ ವೈರ್ ರಿಮೋಟ್ ತಗೊಳ್ಳಿ. ಕ್ಯಾಮೆರಾ ಮ್ಯಾನುಯಲ್ ಮೋಡಿನಲ್ಲಿರಲಿ, ಫೋಕಸ್ಸೂ ಮ್ಯಾನುಯಲ್ ಇರಲಿ, ಶಟರ್ 6 ಸೆಕೆಂಡೋ 15 ಸೆಕೆಂಡೋ ಇಡಿ, ಡ್ರೈವ್ ಮೋಡ್ ಕಂಟಿನ್ಯೂಯಸ್ ಮಾಡಿ, ಗುಂಡಿ ಒತ್ತಿ ಲಾಕ್ ಮಾಡಿ. ಕಾರ್ಡ್ ತುಂಬುವವರೆಗೋ ಬ್ಯಾಟರಿ ಮುಗಿಯುವವರೆಗೋ ಒಂದಾದ ಮೇಲೊಂದು ಫೋಟೊ ತೆಗೆಯುತ್ತಲೇ ಇರುತ್ತದೆ, ನೀವು ಪಕ್ಕದಲ್ಲಿ ಚಾಪೆ ಹಾಸಿ ಮಲಗಿ ಆಕಾಶ ನೋಡಬಹುದು. ಟ್ರೈಪಾಡ್ ಮಾತ್ರ ಇರುವ ನಿಮಗೆ 30 ಸೆಕೆಂಡಿಗಿಂತ ಜಾಸ್ತಿ ಬೇಕಾಗುವುದೇ ಇಲ್ಲ, ಯಾಕೆಂದರೆ ಭೂಮಿ ತಿರುಗುವುದರಿಂದ ಅಷ್ಟರಲ್ಲಿ ನಕ್ಷತ್ರ ಗೆರೆಯಾಗಿರುತ್ತದೆ. ಗೆರೆಯಾಗದ ಹಾಗೆ ಎಷ್ಟು ಸೆಕೆಂಡ್ ಇಡಬಹುದು ಅಂತ ತಿಳಿಯಲು 500 ಅನ್ನು ಲೆನ್ಸಿನ ಎಂಎಂನಿಂದ, ಮತ್ತೆ 1.6ರಿಂದ (ನಿಮ್ಮ ಕ್ಯಾಮೆರಾದ ಸೆನ್ಸರ್ ಚಿಕ್ಕದಾದ್ದರಿಂದ) ಭಾಗಿಸಿ. 50 ಎಂಎಂಗೆ ಸುಮಾರು 6 ಸೆಕೆಂಡ್, 18 ಎಂಎಂಗೆ ಸುಮಾರು 17 ಸೆಕೆಂಡ್ ಬರುತ್ತದೆ.

ಲ್ಯಾಪ್‌ಟಾಪಿನಿಂದಲೇ ಒತ್ತಬೇಕು ಅನ್ನುವ ಆಸೆ ಬಿಡಲಾಗದಿದ್ದರೆ ವಿಂಡೋಸ್ ಬದಲು ಬಳಸಬಹುದಾದ ಉಚಿತ ಲಿನಕ್ಸ್ ನೋಡಿ. ಪೆನ್‌ಡ್ರೈವಿನಲ್ಲಿ ಅದರದೇ ಒಂದು ರೂಪವಾದ ಉಬುಂಟು ಹಾಕಿ ಅಲ್ಲಿಂದಲೇ ಶುರು ಮಾಡಿದರೆ ನಿಮ್ಮ ವಿಂಡೋಸಿಗೆ ಏನೂ ಆಗುವುದಿಲ್ಲ. ಜಿಫೋಟೊ2 ಅನ್ನುವ ಉಚಿತ ತಂತ್ರಾಂಶಕ್ಕೆ ಈ ಕ್ಯಾಮೆರಾದ ಪರಿಚಯ ಇದೆ. ಒಂದು ಎಚ್ಚರಿಕೆ: ಕ್ಯಾಮೆರಾ ಚುಚ್ಚಿದ ಕೂಡಲೇ ಉಬುಂಟುವಿನ ಫೈಲ್ ಮ್ಯಾನೇಜರ್ ಅದನ್ನು ಹಿಡಿದುಕೊಂಡುಬಿಡುತ್ತದೆ, ಆಗ ಜಿಫೋಟೊ2ಗೆ ಕ್ಯಾಮೆರಾ ಸಿಗುವುದಿಲ್ಲ. ಮೊದಲು ಅಲ್ಲಿ ಅನ್‌ಮೌಂಟ್ ಮಾಡಿ, ಅಂದರೆ ಅದರ ಹಿಡಿತದಿಂದ ಬಿಡಿಸಿ. ಇನ್ನೂ ಮುಂದೆ ಹೋಗಬೇಕು ಅನ್ನಿಸಿದರೆ ಆಕಾಶದ ನಕ್ಷೆ ತೋರಿಸುವ ಕೆಸ್ಟಾರ್ಸ್ ಅನ್ನುವ ತಂತ್ರಾಂಶ ಇದೆ, ಅದರೊಳಗೆ ಕ್ಯಾಮೆರಾ ನಡೆಸುವ ಎಕೋಸ್ ಅಂತ ಇದೆ. ಅದು ಫೋಟೊವನ್ನು ಯುಎಸ್‌ಬಿಯಿಂದ ತಗೊಂಡು ಶಟರನ್ನು ಬೇರೆ ಸೀರಿಯಲ್ ವೈರಿನಿಂದ ಒತ್ತುತ್ತದೆ. ಆ ವೈರು ಮನೆಯಲ್ಲೇ ಮಾಡಬಹುದು. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಅಡಾಪ್ಟರ್, ಒಂದು ರೆಸಿಸ್ಟರ್, ಒಂದು ಆಪ್ಟೊಕಪ್ಲರ್, 2.5 ಎಂಎಂ ಸ್ಟೀರಿಯೊ ಪಿನ್ನು ಸಾಕು, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎಲ್ಲವೂ ಸಿಗುತ್ತವೆ. ಪಿನ್ನಿನ ತುದಿ ಶಟರಿಗೆ, ನಡುವಿನ ಬಳೆ ಫೋಕಸ್ಸಿಗೆ, ಬುಡ ಗ್ರೌಂಡ್‌ಗೆ. ತುದಿಯೂ ಬುಡವೂ ಒಂದಕ್ಕೊಂದು ತಾಗಿದರೆ ಶಟರ್ ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ, ಇದರಲ್ಲಿ ಬೇರೆ ಗುಟ್ಟಿಲ್ಲ. ಆಪ್ಟೊಕಪ್ಲರ್ ಯಾಕೆ ಅಂದರೆ, ಅದರೊಳಗೆ ಒಂದು ಪುಟ್ಟ ಎಲ್‌ಇಡಿ ಉರಿದು ಎದುರಿನ ಟ್ರಾನ್ಸಿಸ್ಟರಿಗೆ ಬೆಳಕಿನಲ್ಲೇ ಸುದ್ದಿ ಮುಟ್ಟಿಸುತ್ತದೆ, ಹಾಗಾಗಿ ಲ್ಯಾಪ್‌ಟಾಪಿನ ಕರೆಂಟು ಕ್ಯಾಮೆರಾಕ್ಕೆ ಹೋಗುವುದಿಲ್ಲ. ದಯವಿಟ್ಟು ಯುಎಸ್‌ಬಿಯ 5 ವೋಲ್ಟನ್ನು ನೇರವಾಗಿ ಆ ಪಿನ್ನಿಗೆ ಕೊಡಬೇಡಿ. ಬೆಸುಗೆ ಹಾಕಿ ಅಭ್ಯಾಸ ಇಲ್ಲದಿದ್ದರೆ ಹತ್ತಿರದ ರೇಡಿಯೊ, ಟಿವಿ ರಿಪೇರಿಯವರ ಹತ್ತಿರ ಕೂತು ಮಾಡಿಸಿಕೊಳ್ಳಿ.

ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಯಾರ ಮನೆಯಲ್ಲಾದರೂ ಇದ್ದರೆ ಅದರಲ್ಲಿ ಎಲ್ಲವೂ ನಡೆಯುತ್ತದೆ. ಇಂಟರ್ನೆಟ್ಟಿಗೆ ಮಾತ್ರ ಹಾಕಬೇಡಿ. ಎಕ್ಸ್‌ಪಿಗೆ ಸುರಕ್ಷತೆಯ ಅಪ್‌ಡೇಟ್ 2014ಕ್ಕೇ ನಿಂತಿದೆ.

ಇನ್ನು ಫೋಟೊ ಸಾಗಿಸುವುದು. ನಾನಾದರೆ ಕ್ಯಾಮೆರಾವನ್ನು ಲ್ಯಾಪ್‌ಟಾಪಿಗೆ ಚುಚ್ಚುವುದೇ ಇಲ್ಲ, ಕಾರ್ಡ್ ರೀಡರ್ ಬಳಸುತ್ತೇನೆ. 350ಡಿಯಲ್ಲಿರುವುದು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು, ಅದರ ಒಂದು ರಾ ಫೈಲು (ಸೆನ್ಸರ್ ಕಂಡದ್ದನ್ನು ಕುಗ್ಗಿಸಿ ತಿದ್ದದೆ ಉಳಿಸುವ ಫೈಲು) ಸುಮಾರು 8 ಎಂಬಿ, ಅಂದರೆ 4 ಜಿಬಿ ಕಾರ್ಡಿನಲ್ಲಿ ನಾನೂರಕ್ಕಿಂತ ಹೆಚ್ಚು ಫೋಟೊ ಹಿಡಿಯುತ್ತವೆ. ಒಂದು ರಾತ್ರಿಗೆ ಸಾಕು. ಕಾರ್ಡ್ ಹಾಕುವಾಗ ನೇರವಾಗಿ ಹಾಕಿ, ಬಿಗಿ ಅನ್ನಿಸಿದರೆ ಒತ್ತಬೇಡಿ. ಒಳಗೆ 50 ಸೂಜಿಯಂಥ ಪಿನ್ನುಗಳಿವೆ, ಒಂದು ಬಗ್ಗಿದರೂ ರಿಪೇರಿ ಕಷ್ಟ. ಸಿಆರ್2 ಅನ್ನುವ ಈ ರಾ ಫೈಲುಗಳನ್ನು ಇವತ್ತಿನ ಉಚಿತ ತಂತ್ರಾಂಶಗಳೆಲ್ಲ ಸಲೀಸಾಗಿ ತೆರೆಯುತ್ತವೆ, ಆ ಬಗ್ಗೆ ಚಿಂತೆ ಬೇಡ.

ಲ್ಯಾಪ್‌ಟಾಪ್ ನಿಜವಾಗಿ ಬೇಕಾಗುವುದು ಫೋಕಸ್ಸಿಗೆ. ಈ ಕ್ಯಾಮೆರಾದಲ್ಲಿ ಲೈವ್ ವ್ಯೂ (ತೆಗೆಯುವ ಮುಂಚೆಯೇ ದೃಶ್ಯ ಪರದೆಯಲ್ಲಿ ಕಾಣುವುದು) ಇಲ್ಲ, ಹಿಂದಿನ ಪರದೆ ಬರೀ 1.8 ಇಂಚು. ಹಾಗಾಗಿ ಲುಬ್ಧಕದಂಥ ಪ್ರಕಾಶದ ನಕ್ಷತ್ರ ಹಿಡಿದು 4 ಸೆಕೆಂಡಿನ ಒಂದೊಂದೇ ಫೋಟೊ ತೆಗೆದು, ಅದನ್ನು ಲ್ಯಾಪ್‌ಟಾಪಿನಲ್ಲಿ ಪೂರ್ತಿ ಹಿಗ್ಗಿಸಿ ನೋಡಿ, ರಿಂಗನ್ನು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ತೆಗೆದು ನೋಡಿ. ಚುಕ್ಕಿ ಅತಿ ಚಿಕ್ಕದಾದಾಗ ರಿಂಗಿಗೆ ಟೇಪ್ ಹಚ್ಚಿಬಿಡಿ. ಅರ್ಧ ಗಂಟೆ ಹಿಡಿದರೂ ಬೇಸರ ಮಾಡಬೇಡಿ, ಇದೊಂದು ಸರಿಯಾದರೆ ಮಿಕ್ಕಿದ್ದೆಲ್ಲ ಸುಲಭ.

50 ಎಂಎಂ ಲೆನ್ಸಿನಲ್ಲಿ ನಿಮಗೆ ಆಕಾಶದ ಸುಮಾರು 25 ಡಿಗ್ರಿ ಉದ್ದ, 17 ಡಿಗ್ರಿ ಅಗಲ ಸಿಗುತ್ತದೆ, ಮಹಾವ್ಯಾಧ ಅದರಲ್ಲಿ ಹದವಾಗಿ ಕೂರುತ್ತದೆ. ಎಫ್ 2.8, ಐಎಸ್‌ಒ 1600, 6 ಸೆಕೆಂಡ್, ರಾ. 100 ಫೋಟೊ ತೆಗೆಯಿರಿ. ಅಷ್ಟರಲ್ಲಿ ಮಹಾವ್ಯಾಧ ಎರಡೂವರೆ ಡಿಗ್ರಿ ಸರಿದಿರುತ್ತದೆ, ಟ್ರೈಪಾಡ್ ತಿರುಗಿಸಿ ಮತ್ತೆ 100. ಕೊನೆಗೆ ಲೆನ್ಸಿನ ಮುಚ್ಚಳ ಹಾಕಿ, ಅದೇ 6 ಸೆಕೆಂಡ್, ಅದೇ ಐಎಸ್‌ಒ ಇಟ್ಟು ಇಪ್ಪತ್ತು ಕತ್ತಲ ಫೋಟೊ ತೆಗೆದಿಡಿ. ಇದನ್ನು ಅಲ್ಲೇ, ಆ ಚಳಿಯಲ್ಲೇ ತೆಗೆಯಬೇಕು, ಮನೆಯೊಳಗೆ ಬಂದು ತೆಗೆದರೆ ಸೆನ್ಸರಿನ ಬಿಸಿ ಬೇರೆಯಾಗಿರುತ್ತದೆ. ಹಳೇ ಸೆನ್ಸರಿನಲ್ಲಿ ಕೆಂಪು, ನೀಲಿ ಚುಕ್ಕಿಗಳು ಜಾಸ್ತಿ, ಅವನ್ನು ಕಳೆಯಲು ಇವು ಬೇಕು. ಎಲ್ಲವನ್ನೂ ಸಿರಿಲ್ ಅನ್ನುವ ಉಚಿತ ತಂತ್ರಾಂಶಕ್ಕೆ ಕೊಟ್ಟು ಒಂದರ ಮೇಲೊಂದು ಪೇರಿಸಿ. 100 ಫೋಟೊ ಪೇರಿಸಿದರೆ ಫೋಟೊದ ಗರಗರ (ನಾಯ್ಸ್) ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ, ಮಹಾವ್ಯಾಧನ ಸೊಂಟದ ಮೂರು ನಕ್ಷತ್ರಗಳ ಸಾಲಿನ ಕೆಳಗೆ ಅವನ ಕತ್ತಿಯ ನಡುವೆ ಎಂ42 ನೀಹಾರಿಕೆ ಹೂವಿನ ಹಾಗೆ ಕಾಣುತ್ತದೆ. ಬಣ್ಣ ಸ್ವಲ್ಪ ಕಡಿಮೆ ಕೆಂಪು ಬರುತ್ತದೆ, ಏಕೆಂದರೆ ಸಾದಾ ಕ್ಯಾಮೆರಾದ ಸೆನ್ಸರಿನ ಮುಂದಿರುವ ಫಿಲ್ಟರ್ ಹೈಡ್ರೋಜನ್ನಿನ 656 ನ್ಯಾನೋಮೀಟರ್ ಬೆಳಕನ್ನು ಬಹುಪಾಲು ತಡೆಯುತ್ತದೆ. ಕ್ಯಾನನ್‌ನವರು 2005ರಲ್ಲಿ ಇದಕ್ಕೇ 20ಡಿಎ ಅಂತ ಬೇರೆ ಮಾದರಿ ತಂದಿದ್ದರು. ಆದರೂ ಎಂ42 ಎಷ್ಟು ಪ್ರಕಾಶವಾಗಿದೆ ಅಂದರೆ ನಿಮ್ಮ ಕ್ಯಾಮೆರಾದಲ್ಲೂ ಗುಲಾಬಿ ಬಣ್ಣ ಖಂಡಿತ ಕಾಣುತ್ತದೆ.

ಮಲೆನಾಡಿನವರಿಗೆ ಇನ್ನೆರಡು ಮಾತು. ಬೀರುವಿನಲ್ಲಿ ಇಷ್ಟು ಮಳೆಗಾಲ ಕಳೆದ ಲೆನ್ಸಿನಲ್ಲಿ ಬೂಷ್ಟು ಹಿಡಿದಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಮತ್ತೆ ಜನವರಿ ರಾತ್ರಿ ಇಬ್ಬನಿ ಲೆನ್ಸಿನ ಮೇಲೆ ಕೂರುತ್ತದೆ, ಹತ್ತು ನಿಮಿಷಕ್ಕೊಮ್ಮೆ ನೋಡುತ್ತಿರಿ, ಒಂದು ಕಾಗದದ ಕೊಳವೆ ಮಾಡಿ ಲೆನ್ಸಿನ ಮುಂದೆ ಸಿಕ್ಕಿಸಿದರೂ ಎಷ್ಟೋ ತಡೆಯುತ್ತದೆ.

ಪ್ರಶ್ನೆ: ನನ್ನದು ನಿಕಾನ್ ಡಿ70. ಕಂಪ್ಯೂಟರಿಗೆ ಹಾಕಿದರೆ ಪೆನ್‌ಡ್ರೈವ್ ಥರ ತೆರೆಯುತ್ತದೆ, ಆದರೆ ಯಾವ ತಂತ್ರಾಂಶವೂ ಕ್ಯಾಮೆರಾ ಇದೆ ಅನ್ನುವುದಿಲ್ಲ. ರಿಮೋಟ್ ವೈರ್ ಹಾಕುವ ಜಾಗವೂ ಕಾಣಲಿಲ್ಲ. ಒಂದು ನಿಮಿಷದ ಫೋಟೊ ತೆಗೆದರೆ ಕಣ್ಣಿಗೆ ಕಂಡ ಸಣ್ಣ ನಕ್ಷತ್ರಗಳೇ ಫೋಟೊದಲ್ಲಿ ಇಲ್ಲ! ಯಾಕೆ?
– ಪ್ರೌಢಶಾಲೆ ಶಿಕ್ಷಕರು, ಧಾರವಾಡ

ಉತ್ತರ: ಮೇಷ್ಟ್ರೇ, ಸೆಟಪ್ ಮೆನುವಿನಲ್ಲಿ ಯುಎಸ್‌ಬಿ ಅನ್ನುವಲ್ಲಿ ಮಾಸ್ ಸ್ಟೋರೇಜ್ ಇದೆ, ಅದನ್ನು ಪಿಟಿಪಿ ಮಾಡಿ. ಮಾಸ್ ಸ್ಟೋರೇಜ್‌ನಲ್ಲಿದ್ದಾಗ ಕ್ಯಾಮೆರಾ ಬರೀ ಕಾರ್ಡ್ ರೀಡರ್ ಆಗಿಬಿಡುತ್ತದೆ. ರಿಮೋಟಿನ ತೂತು ಡಿ70ರಲ್ಲಿ ಇಲ್ಲವೇ ಇಲ್ಲ, ಮುಂದೆ ಬಂದ ಡಿ70ಎಸ್‌ನಲ್ಲಿ ಕೊಟ್ಟರು. ನಿಮ್ಮದಕ್ಕೆ ಎಂಎಲ್-ಎಲ್3 ಅನ್ನುವ ಇನ್‌ಫ್ರಾರೆಡ್ ರಿಮೋಟ್ ಬೇಕು. ಬಲ್ಬ್‌ನಲ್ಲಿಟ್ಟು (ಬೇಕಾದಷ್ಟು ಹೊತ್ತು ಶಟರ್ ತೆರೆದಿಡುವ ಆಯ್ಕೆ) ಒಮ್ಮೆ ಒತ್ತಿದರೆ ತೆರೆಯುತ್ತದೆ, ಇನ್ನೊಮ್ಮೆ ಒತ್ತಿದರೆ ಮುಚ್ಚುತ್ತದೆ. ಅದರ ಕಣ್ಣು ಕ್ಯಾಮೆರಾದ ಮುಂಭಾಗದಲ್ಲಿದೆ, ಹಿಂದೆ ನಿಂತು ಒತ್ತಿದರೆ ಕೆಲಸ ಮಾಡುವುದಿಲ್ಲ. ಟಿವಿ ರಿಮೋಟ್ ಆಗಿ ಬಳಸಬಹುದಾದ ಫೋನ್ ಇದ್ದರೆ ಅದರಲ್ಲೂ ಇದಕ್ಕೆ ಆ್ಯಪ್‌ಗಳಿವೆ.

ನಕ್ಷತ್ರ ಮಾಯವಾಗಿದ್ದು ನಿಮ್ಮ ತಪ್ಪಲ್ಲ. ಆ ಕಾಲದ ನಿಕಾನ್‌ಗಳು ರಾ ಫೈಲನ್ನೂ ಉಳಿಸುವ ಮುಂಚೆ ಒಳಗೇ ಶುಚಿ ಮಾಡುತ್ತವೆ, ಒಂಟಿ ಚುಕ್ಕಿ ಕಂಡರೆ ಅದು ಸೆನ್ಸರಿನ ದೋಷ ಅಂದುಕೊಂಡು ಅಳಿಸಿಬಿಡುತ್ತವೆ. ಸಣ್ಣ ನಕ್ಷತ್ರವೂ ಒಂಟಿ ಚುಕ್ಕಿಯೇ. ಹಳಬರು ಇದಕ್ಕೆ ಒಂದು ಉಪಾಯ ಕಂಡುಹಿಡಿದಿದ್ದಾರೆ, ‘ಮೋಡ್ 3’ ಅಂತ ಅದರ ಹೆಸರು. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆನ್ ಮಾಡಿ ಫೋಟೊ ತೆಗೆಯಿರಿ. ಶಟರ್ ಮುಚ್ಚಿದ ಮೇಲೆ ಕ್ಯಾಮೆರಾ ತನ್ನಷ್ಟಕ್ಕೆ ಕತ್ತಲ ಫೋಟೊ ತೆಗೆಯಲು ಶುರು ಮಾಡುತ್ತದೆ, ಆಗ ಕ್ಯಾಮೆರಾವನ್ನು ಆಫ್ ಮಾಡಿಬಿಡಿ. ಶುಚಿ ಮಾಡುವ ಹಂತಕ್ಕೆ ಹೋಗದೆ ಫೈಲು ಹಾಗೇ ಕಾರ್ಡಿಗೆ ಬರುತ್ತದೆ. ಪ್ರತಿ ಫೋಟೊಗೂ ಆಫ್, ಆನ್ ಮಾಡಬೇಕು, ಕೈ ಬೇಕಾದ ಕೆಲಸ. ಮಕ್ಕಳನ್ನು ಸರದಿಯಲ್ಲಿ ನಿಲ್ಲಿಸಿ, ಖುಷಿಯಿಂದ ಮಾಡುತ್ತಾರೆ.

ಪ್ರಶ್ನೆ: ನನ್ನ ಹತ್ತಿರ ಇರುವುದು ಚಿಕ್ಕ ಕ್ಯಾನನ್ ಪವರ್‌ಶಾಟ್ ಎ570 ಐಎಸ್, ಎರಡು ಸೆಲ್ ಹಾಕುವಂಥದ್ದು. 15 ಸೆಕೆಂಡ್‌ಗಿಂತ ಮುಂದೆ ಹೋಗುವುದಿಲ್ಲ, ರಾ ಇಲ್ಲ. ಇದರಲ್ಲಿ ಏನಾದರೂ ಆಗುತ್ತಾ?
– ಓದುಗರು, ಬಳ್ಳಾರಿ

ಉತ್ತರ: ಆಗುತ್ತದೆ, ಅದೂ ಕಂಪ್ಯೂಟರಿಗೆ ಜೋಡಿಸದೆ. ಸಿಎಚ್‌ಡಿಕೆ ಅಂತ ಉಚಿತ ತಂತ್ರಾಂಶ ಇದೆ, ಹಳೇ ಪವರ್‌ಶಾಟ್‌ಗಳಿಗೆಂದೇ ಆಸಕ್ತರು ಸೇರಿ ಬರೆದದ್ದು. ಇದನ್ನು ಕಾರ್ಡಿಗೆ ಹಾಕಿದರೆ ರಾ ಬರುತ್ತದೆ, 15 ಸೆಕೆಂಡಿನ ಮಿತಿ ಹೋಗುತ್ತದೆ, ತಾನೇ ಸಾಲಾಗಿ ಫೋಟೊ ತೆಗೆಯುವ ಸ್ಕ್ರಿಪ್ಟ್ ಸಿಗುತ್ತದೆ. ಕ್ಯಾಮೆರಾದ ಒಳಗೆ ಏನನ್ನೂ ಬದಲಿಸುವುದಿಲ್ಲ, ಬೇರೆ ಕಾರ್ಡ್ ಹಾಕಿದರೆ ಕ್ಯಾಮೆರಾ ಮೊದಲಿನ ಹಾಗೇ ಇರುತ್ತದೆ. ನಿಮ್ಮ ಕ್ಯಾಮೆರಾದ ಫರ್ಮ್‌ವೇರ್ (ಒಳಗಿನ ತಂತ್ರಾಂಶದ) ಸಂಖ್ಯೆ ಯಾವುದೋ ಅದಕ್ಕೆ ಸರಿಯಾದದ್ದನ್ನೇ ಇಳಿಸಿಕೊಳ್ಳಿ, ಬೇರೆಯದು ಓಡುವುದಿಲ್ಲ. 2 ಜಿಬಿಯ ಹಳೇ ಎಸ್‌ಡಿ ಕಾರ್ಡ್ ಇದ್ದರೆ ಅದೇ ಒಳ್ಳೆಯದು. ಕಾರ್ಡಿನ ಪಕ್ಕದಲ್ಲಿರುವ ಚಿಕ್ಕ ಲಾಕನ್ನು ಮುಚ್ಚಿ ಹಾಕಿ. ಲಾಕ್ ಮಾಡಿದರೆ ಫೋಟೊ ಉಳಿಯುತ್ತಾ ಅಂತ ಅನುಮಾನ ಬರುತ್ತದೆ, ಉಳಿಯುತ್ತದೆ. ಆ ಲಾಕ್ ನೋಡಿಯೇ ಕ್ಯಾಮೆರಾ ಸಿಎಚ್‌ಡಿಕೆಯನ್ನು ತಾನಾಗಿ ಶುರು ಮಾಡುವುದು.