ಉಪ್ಪಿನಂಶ ಹೆಚ್ಚಿರುವ ಕಾರ್ಖಾನೆಯ ತ್ಯಾಜ್ಯನೀರನ್ನು ಸಂಸ್ಕರಿಸಿ ಹುಲ್ಲುಗಾವಲಿಗೆ ಹಾಯಿಸಬಹುದೇ?

ಹಾಯಿಸಬಹುದು, ಆದರೆ ಜೈವಿಕ ಸಂಸ್ಕರಣೆಯೊಂದೇ ಸಾಲದು. ಸೂಕ್ಷ್ಮಜೀವಿಗಳು ಸಾವಯವ ಕಲ್ಮಶವನ್ನು ಕೊಳೆಸುತ್ತವೆಯೇ ಹೊರತು ಕರಗಿದ ಉಪ್ಪನ್ನು ತೆಗೆಯುವುದಿಲ್ಲ; ಆದ್ದರಿಂದ ಘಟಕದಿಂದ ತಿಳಿಯಾಗಿ ಹೊರಬಂದ ನೀರೂ ಹೆಚ್ಚುಕಡಿಮೆ ಮೊದಲಿನಷ್ಟೇ ಉಪ್ಪಾಗಿರುತ್ತದೆ. ಉಪ್ಪನ್ನು ಬೇರ್ಪಡಿಸಲು, ನೀರನ್ನು ಒತ್ತಡದಿಂದ ಅತಿಸೂಕ್ಷ್ಮ ಪೊರೆಯ ಮೂಲಕ ಹಾಯಿಸುವ ರಿವರ್ಸ್ ಆಸ್ಮೋಸಿಸ್‌ನಂತಹ ವಿಧಾನ ಬೇಕು, ಆದರೆ ಅದರಲ್ಲಿ ಉಳಿಯುವ ಗಾಢ ಉಪ್ಪುನೀರಿನ ವಿಲೇವಾರಿ ಬಹಳ ದುಬಾರಿ. ಹಾಗಾಗಿ ಅತಿ ಉಪ್ಪಾದ ಹರಿವನ್ನು ಕಾರ್ಖಾನೆಯೊಳಗೇ ಪ್ರತ್ಯೇಕಿಸುವುದು ನನ್ನ ದೃಷ್ಟಿಯಲ್ಲಿ ಮೊದಲ ಕೆಲಸ.

ನೀರಿನಲ್ಲಿ ಕರಗಿದ ಉಪ್ಪು ಹೆಚ್ಚಿದಂತೆ ಅದರ ವಿದ್ಯುತ್ ವಾಹಕತೆಯೂ ಹೆಚ್ಚುತ್ತದೆ; ಅದು ಮೀಟರಿಗೆ 3 ಡೆಸಿಸೀಮೆನ್ಸ್ ದಾಟಿದರೆ ಬಹಳಷ್ಟು ಬೆಳೆಗಳಿಗೆ ಕಷ್ಟ. ಗರಿಕೆ, ರೋಡ್ಸ್ ಹುಲ್ಲು ತಾಳಿಕೊಳ್ಳುತ್ತವೆ, ಬಿಳಿ ಕ್ಲೋವರ್ ಎಂಬ ಮೇವಿನ ಗಿಡ ತಾಳದು.

ಹುಲ್ಲಿಗಿಂತಲೂ ಹೆಚ್ಚು ಕಾಳಜಿ ಬೇಕಾದದ್ದು ಮಣ್ಣಿನ ಬಗ್ಗೆ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗೆ ಹೋಲಿಸಿದರೆ ಸೋಡಿಯಂ ಅತಿಯಾಗಿರುವ ನೀರನ್ನು ಹಾಯಿಸುತ್ತಿರುವವರೆಗೂ ನೆಲ ಸರಿಯಾಗಿಯೇ ಕಾಣಬಹುದು. ಮಳೆ ಬಂದು ಉಪ್ಪು ತೊಳೆದುಹೋದೊಡನೆ ಜೇಡಿಕಣಗಳು ಬಿಡಿಬಿಡಿಯಾಗಿ, ಮಣ್ಣಿನ ರಂಧ್ರಗಳು ಮುಚ್ಚಿ, ನೀರು ಇಂಗದೆ ಮೇಲೆಯೇ ನಿಲ್ಲುತ್ತದೆ. ಇದನ್ನು ಮೊದಲೇ ಅರಿಯಲು, ಒಣಗಿದ ಮಣ್ಣಿನ ಸಣ್ಣ ಹೆಂಟೆಯೊಂದನ್ನು ಮಳೆನೀರು ತುಂಬಿದ ಲೋಟದಲ್ಲಿ ಅಲುಗಿಸದೆ ಬಿಡಿ. ಕೆಲವು ಗಂಟೆಗಳಲ್ಲಿ ಅದರ ಸುತ್ತ ಹಾಲಿನಂಥ ಮಬ್ಬು ಹರಡಿದರೆ ಅಪಾಯ ಆರಂಭವಾಗಿದೆ ಎಂದರ್ಥ. ಆಗ ಸೋಡಿಯಂನ ಜಾಗಕ್ಕೆ ಕ್ಯಾಲ್ಸಿಯಂ ಒದಗಿಸುವ ಜಿಪ್ಸಂ ಅನ್ನು ಮಣ್ಣಿಗೆ ಬೆರೆಸಿ, ಬೇರಿನ ಆಳದಿಂದ ಸೋಡಿಯಂ ಕೆಳಗಿಳಿಯುವಷ್ಟು ಹೆಚ್ಚುವರಿ ನೀರು ಕೊಡಬೇಕು. ಬಸಿದುಹೋಗುವ ಆ ನೀರು ಅಂತರ್ಜಲ ಸೇರದಂತೆ ಬಸಿಗಾಲುವೆಗಳನ್ನೂ ತೋಡಿರಬೇಕು.

ಮೇಯುವ ದನಗಳ ಹಿತಕ್ಕಾಗಿ, ಭಾರಲೋಹಗಳ ಪರೀಕ್ಷೆಯನ್ನು ನೀರು ಹಾಯಿಸುವ ಮುನ್ನವೇ ಮಾಡಿಸಿ.