ಮೂರು ವರ್ಷದಿಂದ ಕೆಲಸ ಇಲ್ಲ, "ಓದ್ತಾ ಇದ್ದೀನಿ" ಅಂತ ಹೇಳಿ ಹೇಳಿ ಸಾಕಾಗಿದೆ. ನೀವಾಗಿದ್ದರೆ ಹೇಗೆ ನಿಭಾಯಿಸುತ್ತಿದ್ದಿರಿ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. 2023ರಲ್ಲಿ ಬಿಇ ಮೆಕ್ಯಾನಿಕಲ್ ಮುಗಿಸಿದ್ದೀರಿ. ಈಗ ವಯಸ್ಸು 27. ಕಂಪನಿಗಳಿಗೆ ರೆಸ್ಯೂಮೆ ಕಳಿಸಿ ಕಳಿಸಿ ಬೇಜಾರಾಗಿ ಸರ್ಕಾರಿ ಪರೀಕ್ಷೆಗಳಿಗೆ ಓದುತ್ತಿದ್ದೀರಿ. ಕೆಲಸವಿಲ್ಲದ ಪದವೀಧರರಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿ ಹಣವೂ ಎರಡು ವರ್ಷ ಮುಗಿದು ನಿಂತಿದೆ. ಮನೆಗೆ ನೆಂಟರು ಬಂದರೆ ಹಿತ್ತಲಿಗೆ ಹೋಗಿ ನಿಲ್ಲುತ್ತೀರಿ. ಮುಂದಿನ ತಿಂಗಳು ಚಿಕ್ಕಪ್ಪನ ಮಗಳ ಮದುವೆಗೆ ಹೋಗಲೋ ಬೇಡವೋ ಅಂತ ಕೊನೆಯ ಸಾಲಿನಲ್ಲಿ ಕೇಳಿದ್ದೀರಿ. ನಿಜ ಹೇಳಬೇಕೆಂದರೆ ಆ ಕೊನೆಯ ಸಾಲು ನೋಡಿಯೇ ನಾನು ಉತ್ತರ ಬರೆಯಲು ಕೂತಿದ್ದು.

ನಾನೂ ಮೆಕ್ಯಾನಿಕಲ್ಲೇ. 2018ರ ಬ್ಯಾಚ್. ಪೀಣ್ಯದ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತಿದ್ದೆ. 2020ರ ಲಾಕ್‌ಡೌನ್‌ನಲ್ಲಿ "ಊರಿಗೆ ಹೋಗಿರು, ಕರೆದಾಗ ಬಾ" ಅಂದರು. ಕರೆಯಲೇ ಇಲ್ಲ. ಅಲ್ಲಿಂದ 2023ರ ಫೆಬ್ರವರಿವರೆಗೆ ಕೈಯಲ್ಲಿ ಖಾಯಂ ಕೆಲಸವಿಲ್ಲ. ಎರಡು ವರ್ಷ ಹತ್ತು ತಿಂಗಳು. ತಿಂಗಳ ಲೆಕ್ಕ ಇಷ್ಟು ಸರಿಯಾಗಿ ಹೇಗೆ ನೆನಪಿದೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮೂರು ಬ್ಯಾಡಗಿಯಿಂದ ಎಂಟು ಕಿಲೋಮೀಟರ್. ಮೊದಲ ಆರು ತಿಂಗಳು ಮನೆಯಲ್ಲೇ ಕೂತು ನೌಕ್ರಿ, ಲಿಂಕ್ಡ್‌ಇನ್ ಅಂತ ಮುನ್ನೂರಕ್ಕೂ ಹೆಚ್ಚು ಕಡೆ ಅರ್ಜಿ ಹಾಕಿದೆ. ಹನ್ನೊಂದು ಕಡೆಯಿಂದ ಉತ್ತರ ಬಂತು. ಅದರಲ್ಲಿ ಮೂವರು ಕೆಲಸಕ್ಕೆ ಮೊದಲೇ ಡಿಪಾಸಿಟ್ ಕಟ್ಟು ಅಂದವರು. (ದುಡ್ಡು ಕೇಳಿದ ಕೂಡಲೇ ಫೋನ್ ಇಡಿ. ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ.) ಆಮೇಲೆ ಎಲ್ಲರಂತೆ ಬ್ಯಾಗ್ ಕಟ್ಟಿ ಧಾರವಾಡಕ್ಕೆ ಹೋದೆ.

ಧಾರವಾಡದ ಸಪ್ತಾಪುರ ನೋಡಿಲ್ಲದವರಿಗೆ ಹೇಳುತ್ತೇನೆ. ಬೆಂಗಳೂರಿನ ವಿಜಯನಗರ ಹೇಗೋ ಉತ್ತರ ಕರ್ನಾಟಕದವರಿಗೆ ಇದು ಹಾಗೆ. ಕೋಚಿಂಗ್ ಸೆಂಟರ್, ಜೆರಾಕ್ಸ್ ಅಂಗಡಿ, ಖಾನಾವಳಿ, ರೀಡಿಂಗ್ ರೂಮ್, ಮತ್ತೆ ಕೋಚಿಂಗ್ ಸೆಂಟರ್. ನಾವು ನಾಲ್ಕು ಜನ ಒಂದು ರೂಮಿನಲ್ಲಿದ್ದೆವು. ರೀಡಿಂಗ್ ರೂಮಿಗೆ ತಿಂಗಳಿಗೆ 700 ರೂಪಾಯಿ. ಪ್ಲೈವುಡ್ ಹೊಡೆದು ಮಾಡಿದ ಗೂಡು, ಒಂದು ಕುರ್ಚಿ, ಒಂದು ಪ್ಲಗ್ ಪಾಯಿಂಟ್. ಕುರ್ಚಿಗೆ ಹಾಕಿಕೊಳ್ಳಲಿ ಅಂತ ಅವ್ವ ಹಳೇ ಸೀರೆಯಲ್ಲಿ ದಿಂಬು ಹೊಲಿದು ಕೊಟ್ಟಿದ್ದಳು. ನನ್ನ ಗೂಡಿನ ಪ್ಲೈವುಡ್ ಮೇಲೆ ನನಗಿಂತ ಮೊದಲು ಕೂತವರು ಪೆನ್ನಿನಲ್ಲಿ ಬರೆದಿದ್ದರು: ಪಿಡಿಒ, ಎಸ್‌ಡಿಎ, ಪಿಎಸ್‌ಐ. ಪಂಚಾಯಿತಿ ಅಧಿಕಾರಿ, ಗುಮಾಸ್ತ, ಪೊಲೀಸ್ ಸಬ್‌ಇನ್‌ಸ್ಪೆಕ್ಟರ್, ಎಲ್ಲ ಸರ್ಕಾರಿ ಹುದ್ದೆಗಳೇ. ಒಂದೊಂದರ ಮುಂದೆ ಇಸವಿ. ಒಂದೊಂದರ ಮೇಲೂ ಅಡ್ಡ ಗೆರೆ. ಗೆರೆ ಎಳೆದದ್ದು ಪಾಸಾಗಿಯೋ ಫೇಲಾಗಿಯೋ ಗೊತ್ತಾಗುತ್ತಿರಲಿಲ್ಲ. ಮೊದಲ ವಾರದಲ್ಲೇ ನಾನೂ ಕೆಳಗೆ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಅಂತ ಬರೆದೆ.

ಈಗ ನಿಮಗೆ ಹೇಳಬೇಕಾದ ಮುಖ್ಯ ವಿಷಯ. ಊರಿಗೆ ಹೋದಾಗ ಕಟ್ಟೆಯ ಮೇಲೆ ಕೂತವರು "ಏನ್ ಮಾಡಾಕತ್ತೀಪಾ ಈಗ?" ಅಂತ ಕೇಳುತ್ತಿದ್ದರು. "ಓದಾಕತ್ತೇನ್ರಿ" ಅಂದರೆ ಮುಗಿಯಿತು. ಮುಂದೆ ಯಾರೂ ಕೆದಕುತ್ತಿರಲಿಲ್ಲ. "ಕೆಲಸ ಇಲ್ಲ" ಅಂದರೆ ಕನಿಕರ, "ಓದಾಕತ್ತೇನಿ" ಅಂದರೆ ಮರ್ಯಾದೆ. ಅಪ್ಪನೂ ಅದನ್ನೇ ಹೇಳುತ್ತಿದ್ದ, ಅವ್ವನೂ ಅದನ್ನೇ ಹೇಳುತ್ತಿದ್ದಳು. ಮಳೆ ಬಂದಾಗ ಬಸ್‌ಸ್ಟಾಪಿನ ತಗಡಿನ ಕೆಳಗೆ ನಿಂತ ಹಾಗೆ ಆ ಒಂದು ಮಾತಿನ ಕೆಳಗೆ ಇಡೀ ಮನೆ ನಿಂತಿತ್ತು. ಅಲ್ಲಿ ನಿಂತವನಿಗೆ ಬಸ್ ಬಂತಾ ಅಂತ ನೋಡುವುದೂ ಮರೆತು ಹೋಗುತ್ತದೆ.

ಒಂದು ದಿನ ಸುಮ್ನೆ ಒಂದು ಪರೀಕ್ಷೆ ಮಾಡಿದೆ. ಬೆಳಿಗ್ಗೆ ಏಳಕ್ಕೆ ಗೂಡಿನಲ್ಲಿ ಕೂತವನು ರಾತ್ರಿ ಒಂಬತ್ತಕ್ಕೆ ಎದ್ದೆ. ನಡುವೆ ಏನೇನು ಮಾಡಿದೆ ಅಂತ ಗಡಿಯಾರ ನೋಡಿ ಬರೆದಿಟ್ಟೆ. ಹೊಸದಾಗಿ ಓದಿದ್ದು ಎರಡು ಗಂಟೆ ನಲವತ್ತು ನಿಮಿಷ. ಉಳಿದದ್ದೆಲ್ಲ ಚಹಾ, ಟೆಲಿಗ್ರಾಂನಲ್ಲಿ ಪಿಡಿಎಫ್ ಇಳಿಸಿಕೊಳ್ಳುವುದು, ಗೆರೆ ಹಾಕಿದ್ದಕ್ಕೇ ಮತ್ತೆ ಗೆರೆ ಹಾಕುವುದು, ಮತ್ತು "ನೋಟಿಫಿಕೇಷನ್ ಯಾವಾಗ ಬೀಳ್ತದ?" ಅನ್ನುವ ಚರ್ಚೆ. ಆ ಚರ್ಚೆಯಲ್ಲಿ ನಾವೆಲ್ಲ ಪಿಎಚ್‌ಡಿ ಮಾಡಿದ್ದೆವು. ಸೋಮಾರಿತನ ಅಂತ ನಾನು ಹೇಳುವುದಿಲ್ಲ. ಹದಿನಾಲ್ಕು ಗಂಟೆ ಕುರ್ಚಿ ಬಿಟ್ಟೇಳದವನು ಸೋಮಾರಿ ಹೇಗಾದಾನು? ಕಾಯುವುದೇ ಕೆಲಸದ ವೇಷ ಹಾಕಿಕೊಂಡು ಕೂತಿತ್ತು, ಅಷ್ಟೇ.

ತಪ್ಪೆಲ್ಲ ನಮ್ಮದೇ ಅಂತಲೂ ಅಲ್ಲ. ನನ್ನ ರೂಮ್‌ಮೇಟ್ ಒಬ್ಬ ಪಿಎಸ್‌ಐ ಪರೀಕ್ಷೆ ಬರೆದಿದ್ದ. 545 ಹುದ್ದೆಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆ. ಅವನ ಹೆಸರು ಆಯ್ಕೆಪಟ್ಟಿಯಲ್ಲಿತ್ತು. ಆ ರಾತ್ರಿ ಖಾನಾವಳಿಯಲ್ಲಿ ಎಲ್ಲರಿಗೂ ಹೋಳಿಗೆ ಅವನ ಲೆಕ್ಕದಲ್ಲಿ. ಆಮೇಲೆ ಅಕ್ರಮ ಹೊರಬಿತ್ತು, 2022ರ ಏಪ್ರಿಲ್‌ನಲ್ಲಿ ಪರೀಕ್ಷೆಯೇ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಯಾರೋ ಮಾಡಿದ ಕಳ್ಳತನಕ್ಕೆ ಅವನ ಎರಡು ವರ್ಷ ಹೋಯಿತು. ಅವನಿಗೆ "ಇನ್ನೂ ಜಾಸ್ತಿ ಶ್ರಮ ಹಾಕು" ಅಂತ ಹೇಳುವ ಬಾಯಿ ಯಾರಿಗಿದೆ? ಆಮೇಲೆ ಪರಿಶಿಷ್ಟ ಜಾತಿಗಳೊಳಗೆ ಮೀಸಲಾತಿ ಹಂಚುವ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆಗಳು ನಿಂತವು. 2025ರಲ್ಲಿ ಅದೇ ಧಾರವಾಡದಲ್ಲಿ ಹುಡುಗ ಹುಡುಗಿಯರು ನೇಮಕಾತಿ ಮಾಡಿ ಅಂತ ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಟಿವಿಯಲ್ಲಿ ಆ ಗುಂಪು ನೋಡುವಾಗ ನನ್ನ ಹಳೇ ಗೂಡಿನಲ್ಲಿ ಈಗ ಕೂತವನು ಇವರಲ್ಲಿ ಯಾರಿರಬಹುದು ಅಂತ ಹುಡುಕಿದೆ.

ಇನ್ನೊಂದು ಸೂಕ್ಷ್ಮ ಇದೆ. ನಮ್ಮಲ್ಲಿ ಹೆಚ್ಚಿನ ಹುದ್ದೆಗಳಿಗೆ ವಯೋಮಿತಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೆ 40 ಅಂತ ಇತ್ತು. ಅದರ ಮೇಲೆ ಮೂರು ವರ್ಷದ ಸಡಿಲಿಕೆ ಕೊಟ್ಟರು. ಸಡಿಲಿಕೆ ಬಂದಾಗ ಎಲ್ಲರಿಗೂ ಖುಷಿ. ಅನ್ಯಾಯವಾದವರಿಗೆ ಅದು ಸಿಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸರ್ಕಾರದ ಗಡುವು ಮುಂದೆ ಹೋದಷ್ಟು ನಮ್ಮ ಗಡುವೂ ಮುಂದೆ ಹೋಗುತ್ತದೆ. ನಿಮಗೆ 27 ಅಂದರೆ ಇನ್ನೂ ಎಂಟು, ಹತ್ತು ವರ್ಷ ಕಾಯಲು ಕಾನೂನಿನ ಅಡ್ಡಿ ಇಲ್ಲ. ಅದೇ ಭಯ.

ಹಾಗಾಗಿ ನಾನು ಮಾಡಿದ್ದು ಇಷ್ಟು. ಓದು ಬಿಡಲಿಲ್ಲ, ತಾರೀಖು ಹಾಕಿದೆ. 2022ರ ಡಿಸೆಂಬರ್ 31. ಅಲ್ಲಿಯವರೆಗೆ ಬರುವ ಪರೀಕ್ಷೆ ಬರೆಯುವುದು, ಅದಾದ ಮೇಲೆ ಧಾರವಾಡದ ರೂಮು ಖಾಲಿ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು "ಗ್ವಾಂಜಾಳ ಮಾರೀನಿ, ರೊಕ್ಕ ಬೇಕೇನು?" ಅಂದ. ನಾನು ಹೇಳಿದ ವಿಷಯಕ್ಕೆ ಅವನ ಉತ್ತರ ಅಷ್ಟೇ. ಇವತ್ತಿಗೂ ಅದು ಒಪ್ಪಿಗೆಯೋ ಬೇಜಾರೋ ಗೊತ್ತಿಲ್ಲ.

ಜನವರಿಯಲ್ಲಿ ಊರಿಗೆ ಬಂದೆ. ಅದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್. (ಹೆಸರು ಬ್ಯಾಡಗಿಯದಾದರೂ ಈಗ ಕಾಯಿ ಹೆಚ್ಚಾಗಿ ಬರುವುದು ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ. ನಮ್ಮ ಹೊಲದಲ್ಲಿ ಇರುವುದು ಅಪ್ಪ ಹೇಳಿದ ಗ್ವಾಂಜಾಳ, ಅಂದರೆ ಗೋವಿನಜೋಳ.) ಸೋದರಮಾವ ಅಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಸೀಸನ್ನಿನಲ್ಲಿ ಲೆಕ್ಕ ಬರೆಯಲು ಜನ ಸಾಲುವುದಿಲ್ಲ. ದಿನಕ್ಕೆ 450ಕ್ಕೆ ನನ್ನನ್ನು ಕರೆದುಕೊಂಡ. ಮೊದಲ ದಿನ ಸೀನಿ ಸೀನಿ ಮೂಗಿನಲ್ಲಿ ರಕ್ತ ಬರುವುದೊಂದು ಬಾಕಿ. ಹಮಾಲರು ನಗುತ್ತಿದ್ದರು. "ಇಂಜಿನಿಯರ್ ಸಾಹೇಬ್ರು ಅಳಾಕತ್ಯಾರ ನೋಡ್ರೋ." ನಾಚಿಕೆ ಆಗಲಿಲ್ಲವೇ ಅಂದರೆ, ಆಯಿತು. ನಾಲ್ಕು ದಿನ. ಐದನೇ ದಿನ ಸಂಜೆ ಆರಕ್ಕೆ ಕೆಲಸ ಮುಗಿಯಿತು. "ಮುಗಿಯಿತು" ಅಂತ ಅನ್ನಿಸಿ ಎಷ್ಟು ಕಾಲವಾಗಿತ್ತು! ಓದುವವನಿಗೆ ದಿನ ಮುಗಿಯುವುದೇ ಇಲ್ಲ, ಗಮನಿಸಿದ್ದೀರಾ? ಮಲಗಿದರೂ ಓದಬೇಕಿತ್ತು ಅನ್ನುವ ಕಾಟ. ಅವತ್ತು ರಾತ್ರಿ ಕಲ್ಲಿನಂತೆ ನಿದ್ದೆ ಮಾಡಿದೆ.

ದರ ಕಡಿಮೆ ಇದ್ದಾಗ ಮಾಲು ಕೋಲ್ಡ್ ಸ್ಟೋರೇಜಿಗೆ ಹೋಗುತ್ತದೆ. ಹೊರಗಿಟ್ಟರೆ ಕಾಯಿಯ ಬಣ್ಣ ಇಳಿಯುತ್ತದೆ, ಹುಳ ಬೀಳುತ್ತದೆ. ಬ್ಯಾಡಗಿ ಕಾಯಿಗೆ ಬೆಲೆ ಇರುವುದೇ ಬಣ್ಣಕ್ಕೆ. ಚೀಲಗಳ ಲೆಕ್ಕ ಕೊಡಲು ಹೋದಾಗ ಅಲ್ಲಿನ ಮಷಿನ್ ರೂಮಿನ ಬಾಗಿಲು ತೆರೆದಿತ್ತು. ಅಮೋನಿಯಾ ಕಂಪ್ರೆಸರ್. ಐದನೇ ಸೆಮಿಸ್ಟರಿನಲ್ಲಿ ಚಿತ್ರ ಬರೆದು ಮರೆತದ್ದು ಕಣ್ಣೆದುರು ದಡದಡ ಅನ್ನುತ್ತಿತ್ತು. ಆಪರೇಟರ್ ವಯಸ್ಸಾದವರು, ಹತ್ತನೇ ಕ್ಲಾಸೂ ಆಗಿಲ್ಲ. ಪೈಪಿನ ಜೋಡಣೆಯ ಹತ್ತಿರ ಗಂಧಕದ ಕಡ್ಡಿ ಹೊತ್ತಿಸಿ ಹಿಡಿದಿದ್ದರು. ಅಮೋನಿಯಾ ಸೋರುತ್ತಿದ್ದರೆ ಆ ಹೊಗೆ ದಟ್ಟ ಬೆಳ್ಳಗಾಗುತ್ತದೆ. ನನ್ನ ಕೈಗೆ ಕೊಟ್ಟು "ಹಿಡೀರಿ ನೋಡೂಣು" ಅಂದರು. ಎರಡನೇ ಜೋಡಣೆಯಲ್ಲಿ ಬೆಳ್ಳಗೆ ಹೊಗೆ ಎದ್ದಿತು. ನನಗೆ ಆದ ಸಂತೋಷ ಹೇಳಿದರೆ ನಗುತ್ತೀರಿ.

ಫೆಬ್ರವರಿ ಕೊನೆಗೆ ಅವರ ಕೈಕೆಳಗೆ ಸೇರಿದೆ. 11,000 ಸಂಬಳ. ಪ್ರೆಶರ್, ಟೆಂಪರೇಚರ್ ಗಂಟೆಗೊಮ್ಮೆ ಬರೆಯುವುದು, ರಾತ್ರಿ ಪಾಳಿ. ಒಂದೂವರೆ ವರ್ಷದ ಮೇಲೆ ಹುಬ್ಬಳ್ಳಿ ಕಡೆ ಒಂದು ಘಟಕದಲ್ಲಿ ಮೇಂಟೆನೆನ್ಸ್ ಕೆಲಸ ಸಿಕ್ಕಿತು. ಈಗಲೂ ಅಲ್ಲೇ ಇದ್ದೇನೆ. ಸಂಬಳ ದೊಡ್ಡದೇನಲ್ಲ. ನನ್ನ ಬ್ಯಾಚಿನವರ ಸಂಬಳ ಕೇಳಿದರೆ ಇವತ್ತಿಗೂ ಒಂದು ಕ್ಷಣ ಹೊಟ್ಟೆ ಚುರ್ ಅನ್ನುತ್ತದೆ. ಅಲ್ಲಿಯ ಇಂಟರ್‌ವ್ಯೂನಲ್ಲಿ "ಮೂರು ವರ್ಷ ಗ್ಯಾಪ್ ಯಾಕೆ?" ಅಂತ ಕೇಳಿದ್ದರು. ಪರೀಕ್ಷೆಗೆ ಓದಿದೆ, ಆಗಲಿಲ್ಲ ಅಂದೆ. ಅವರು ಅಲ್ಲಿಗೇ ಬಿಟ್ಟು ಕಂಪ್ರೆಸರ್ ವಿಷಯಕ್ಕೆ ಬಂದರು. ನಾನು ಎರಡು ರಾತ್ರಿ ಆ ಗ್ಯಾಪಿಗೆ ಉತ್ತರ ತಯಾರಿ ಮಾಡಿದ್ದು ದಂಡವಾಯಿತು.

ನಿಮಗೂ ಹೀಗೇ ಆಗುತ್ತದೆ ಅಂತ ಹೇಳುವಷ್ಟು ದಡ್ಡ ನಾನಲ್ಲ. ಸೋದರಮಾವ ಇದ್ದ, ಬಾಗಿಲು ತೆರೆದಿತ್ತು, ನನ್ನ ಅದೃಷ್ಟ. ಆದರೆ ಪ್ಲೈವುಡ್ ಗೂಡಿನಲ್ಲೇ ಕೂತಿದ್ದರೆ ಆ ಬಾಗಿಲು ನನಗೆ ಕಾಣುತ್ತಲೇ ಇರಲಿಲ್ಲ. ಓದುತ್ತಲೇ ಅರ್ಧ ದಿನದ ಏನಾದರೂ ಹಿಡಿಯಿರಿ. ನಿಮ್ಮ ಊರಿನಲ್ಲಿ ಏನು ನಡೆಯುತ್ತದೆ ನೋಡಿ: ರೈಸ್‌ಮಿಲ್ಲೋ, ಟ್ರಾಕ್ಟರ್ ಗ್ಯಾರೇಜೋ, ಸೋಲಾರ್ ಕೂಡಿಸುವವರೋ. ಒಂದು ವರ್ಷದ ಅಪ್ರೆಂಟಿಸ್‌ಗೆ ಕೇಂದ್ರ ಸರ್ಕಾರದ ನ್ಯಾಟ್ಸ್ (NATS) ಪೋರ್ಟಲ್‌ನಲ್ಲಿ ಹೆಸರು ಬರೆಸಬಹುದು. ಪಾಸಾಗಿ ಜಾಸ್ತಿ ವರ್ಷವಾದರೆ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಅದನ್ನು ಈ ವಾರವೇ ನೋಡಿ. ಯುವನಿಧಿಯ 3,000 ನಿಂತದ್ದು ನೋವೇ. ನನ್ನ ಕಾಲಕ್ಕೆ ಆ ಯೋಜನೆ ಇರಲಿಲ್ಲ, ಇದ್ದಿದ್ದರೆ ಅಪ್ಪನ ಹತ್ತಿರ ಖಾನಾವಳಿ ದುಡ್ಡು ಕೇಳುವುದಾದರೂ ತಪ್ಪುತ್ತಿತ್ತು. ಆ ದುಡ್ಡು ಬರುತ್ತಿದ್ದಾಗ ನಿಮ್ಮ ತಿಂಗಳಿಗೊಂದು ಆಕಾರ ಇತ್ತು, ಈಗ ಅದೂ ಹೋಗಿದೆ. ಅರ್ಧ ದಿನದ ಕೆಲಸ ಹಿಡಿಯಿರಿ ಅಂದದ್ದು ಅದಕ್ಕೂ ಸೇರಿಸಿಯೇ.

ರಾತ್ರಿ ನಿದ್ದೆ ಬರುವುದಿಲ್ಲ, "ಇದ್ದು ಏನು ಪ್ರಯೋಜನ" ಅನ್ನಿಸುತ್ತದೆ ಅಂತ ನಡುವೆ ಒಂದು ಕಡೆ ಬರೆದಿದ್ದೀರಿ. ಅದನ್ನು ನಾನು ಹಾಗೇ ದಾಟಿ ಹೋಗಲಾರೆ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಧಾರವಾಡದಲ್ಲಿ ನನಗೂ ಹಾಗೆ ಅನ್ನಿಸಿದ ದಿನ ಆ ನಂಬರ್ ಗೊತ್ತಿರಲಿಲ್ಲ. ರಾತ್ರಿ ಎರಡು ಗಂಟೆಗೆ ರೂಮ್‌ಮೇಟನ್ನು ಎಬ್ಬಿಸಿದ್ದೆ. ಪಟ್ಟಿಯಲ್ಲಿ ಹೆಸರಿದ್ದು ಕಳೆದುಕೊಂಡವನೇ. ಅವನು ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಜುಬಿಲಿ ಸರ್ಕಲ್‌ವರೆಗೆ ನಡೆಸಿಕೊಂಡು ಹೋಗಿ ವಾಪಸ್ ಕರೆದುಕೊಂಡು ಬಂದ. ನಿಮಗೂ ಅಂಥ ಒಬ್ಬರಿದ್ದರೆ ಎಬ್ಬಿಸಿ, ಸಂಕೋಚ ಬೇಡ.

ಇನ್ನು ಮದುವೆ. ಹೋಗಿ. ನಾನು 2022ರಲ್ಲಿ ದೊಡ್ಡಪ್ಪನ ಮಗಳ ಮದುವೆ ತಪ್ಪಿಸಿದೆ, ಪರೀಕ್ಷೆ ಇದೆ ಅಂತ ಸುಳ್ಳು ಹೇಳಿ. ಅಕ್ಕ ಇನ್ನೂ ಆ ಮಾತು ಎತ್ತುತ್ತಾಳೆ. ಮರುವರ್ಷ ಇನ್ನೊಂದು ಮದುವೆಗೆ ಹೋದಾಗ ಒಂದು ಉಪಾಯ ಸಿಕ್ಕಿತು, ಬಡಿಸಲು ನಿಂತುಬಿಟ್ಟೆ. ಕುರ್ಚಿಯಲ್ಲಿ ಕೂತವನನ್ನು ಎಲ್ಲರೂ "ಈಗೇನು ಮಾಡ್ತಿದೀಯಪ್ಪ?" ಅಂತ ಕೇಳುತ್ತಾರೆ. ಬಕೆಟ್ ಹಿಡಿದವನನ್ನು ಯಾರೂ ಕೇಳುವುದಿಲ್ಲ. ಎರಡು ಪಂಕ್ತಿ ಸಾರು ಬಡಿಸಿದೆ. ಕಟ್ಟೆ ಮೇಲೆ ಕೂತು ವಿಚಾರಿಸುತ್ತಿದ್ದ ಅದೇ ಹಿರಿಯರು ಎಲೆ ಮುಂದಿನಿಂದ ತಲೆ ಎತ್ತಿ ನೋಡಿ, "ಅಡಿಯಾಗಿಂದ ಹಾಕಪಾ, ಹೋಳು ಬರ್ಲಿ" ಅಂದರು.